ಮಾಳಿಗೆಯ ಮಣ್ಣು ಇಳಿಸಿದ ಬೇಸಿಗೆ

ಪಾಲಿನಲ್ಲಿ ನಮಗೆ ಬಂದ ಹೊಲದ ಮನೆಗೆ ಬೀಗ ಇರಲಿಲ್ಲ. ಇದ್ದರೂ ಉಪಯೋಗವಿರಲಿಲ್ಲ. ಬಾಗಿಲಿನ ಕೆಳಹಲಗೆಯನ್ನು ಗೆದ್ದಲು ತಿಂದು ಮುಗಿಸಿತ್ತು, ನಾಯಿಗಳು ನೆಂಟರ ಹಾಗೆ ಬಂದು ಹೋಗುತ್ತಿದ್ದವು. ಮೊದಲ ದಿನ ಗಾಡಿಯಿಂದ ಇಳಿದು ಮನೆಯನ್ನು ಒಂದು ಸುತ್ತು ಹಾಕಿ ನೋಡಿದೆ. ನಮ್ಮ ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಬೇರೆ ಆಗೋಣ ಅಂತ ಹಟ ಹಿಡಿದವಳು ನಾನೇ ಆಗಿದ್ದರಿಂದ ಈಗ ಗೊಣಗುವ ಹಕ್ಕು ನನಗಿರಲಿಲ್ಲ.

ಆಗ ನಿಜಾಮರ ಆಳ್ವಿಕೆ, ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ನಮ್ಮದು ಕಲ್ಹೇರಿನ ಹತ್ತಿರದ ಒಂದು ಹಳ್ಳಿ. ಊರೊಳಗಿನ ದೊಡ್ಡ ಮನೆಯಲ್ಲಿ ಮಾವ, ಭಾವ, ಭಾವನ ಹೆಂಡತಿಯಾದ ನನ್ನ ನೆಗೆಣ್ಣಿ, ಅವರ ಮಕ್ಕಳು, ನಾವಿಬ್ಬರು. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಹೋಗಿದ್ದರು. ಆ ಮನೆಯಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ, ಬಡಿದ ರೊಟ್ಟಿಯನ್ನು ಹಂಚುವುದು ನೆಗೆಣ್ಣಿಯ ಕೆಲಸ. ಇಷ್ಟು ಹೇಳಿದರೆ ಸಾಕು, ಕೂಡಿದ ಮನೆಯಲ್ಲಿ ಬಾಳಿದವರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಪಾಲಾದಾಗ ಊರ ಮನೆ ಭಾವನಿಗೆ, ಮಾವ ಅವರ ಜೊತೆ. ನಮಗೆ ಹೊಲದ ಮನೆ, ಹೂಳು ತುಂಬಿದ ಬಾವಿ, ಒಂದು ಜೋಡಿ ಎತ್ತು, ಒಂದು ಎಮ್ಮೆ.

ಹೊರಡುವಾಗ ನೆಗೆಣ್ಣಿ ಬಾಗಿಲಲ್ಲಿ ನಿಂತು ಅಂದಳು: “ಹೋಗ್ರಿ, ಹೋಗ್ರಿ. ಮಿರಗದ ಮಳಿ ಬೀಳಲಿ, ಮಾಳಿಗಿ ಸೋರಾಕ ಹತ್ತಲಿ. ಹಾಸಿಗಿ ಸುತಗೊಂಡು ತಿರಗಿ ಇಲ್ಲಿಗೇ ಬರ್ತೀರಿ. ನಿನ್ನ ಹಂಚ ನಾ ಒಲಿ ಮ್ಯಾಲಿಂದ ಇಳಸಾಂಗಿಲ್ಲ.”

ನಾನು ಆ ಬೇಸಿಗೆಯೆಲ್ಲ ದುಡಿದದ್ದು ಆ ರೊಟ್ಟಿ ಹಂಚಿನ ಮಾತಿಗಾಗಿ. ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆ ಬೀಳುವ ಮೊದಲು ನಮ್ಮ ತಲೆಯ ಮೇಲೊಂದು ಸೋರದ ಸೂರು ನಿಲ್ಲಬೇಕು. ನಿಲ್ಲದಿದ್ದರೆ ಮತ್ತೆ ಆ ಒಲೆ, ಆ ಹಂಚು, ಆ ಬಾಯಿ.

ಮೊದಲು ಬಾವಿ ಹಿಡಿದೆವು, ಕುಡಿಯಲು ನೀರು ಬೇಕಿತ್ತಲ್ಲ. ಇವರು ಕೆಳಗಿಳಿದು ಹೂಳನ್ನು ಬುಟ್ಟಿಗೆ ತುಂಬುವುದು, ನಾನು ಮೇಲೆ ಹಗ್ಗ ಎಳೆಯುವುದು. ಸಂಜೆಯ ಹೊತ್ತಿಗೆ ಅಂಗೈಯ ಚರ್ಮ ಹಗ್ಗಕ್ಕೇ ಅಂಟಿಕೊಂಡು ಬರುತ್ತಿತ್ತು. ಆಮೇಲೆ ಬಾಗಿಲು. ಮುರಿದ ಗಾಡಿಯ ಹಲಗೆಯೊಂದನ್ನು ಕೊಯ್ದು ಕೆಳಗೆ ಜೋಡಿಸೋಣ ಅಂದರೆ ಮೊಳೆ ಇಲ್ಲ. ಇವರು ಮೊಳೆ ತರಲು ಜಹೀರಾಬಾದಿನವರೆಗೂ ಹೋಗಿ ಬರಿಗೈಯಲ್ಲಿ ಬಂದರು. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿದೆಯಂತೆ. ಬೇವಿನ ಕಟ್ಟಿಗೆಯ ಗೂಟ ಕೆತ್ತಿ, ಕೊರೆದ ತೂತಿಗೆ ಬಡಿದು ಹಲಗೆ ನಿಲ್ಲಿಸಿದೆವು. ನಮ್ಮ ಬಾಗಿಲಿಗೂ ಆ ಯುದ್ಧಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಗೋಡೆಗಳಿಗೆ ಕೆಮ್ಮಣ್ಣು, ಜೋಳದ ಹೊಟ್ಟು, ಸಗಣಿ ಕಲಸಿ ಕೊಳೆಯಲು ಬಿಟ್ಟು, ಕಾಲಿಂದ ತುಳಿದು ತುಳಿದು ಹದ ಮಾಡಿ ಮೆತ್ತಿದೆವು. ಹೆಚ್ಚು ನೀರಾದರೆ ಜಾರಿ ಬೀಳುತ್ತದೆ, ಕಡಿಮೆಯಾದರೆ ಒಣಗಿ ಬಿರಿಯುತ್ತದೆ. ಇನ್ನೊಂದು ತೊಂದರೆ ಇತ್ತು. ಮನೆಯ ಸುತ್ತ ವರ್ಷವರ್ಷವೂ ಹೊಲದ ಮಣ್ಣು ಬಂದು ಕೂತು ಅಂಗಳವೇ ಎತ್ತರವಾಗಿ, ಒಳಗಿನ ನೆಲ ತಗ್ಗಾಗಿತ್ತು. ಜೋರು ಮಳೆ ಬಂದರೆ ನೀರು ಹೊಸ್ತಿಲು ದಾಟಿ ಸೀದಾ ಒಳಗೆ. ನೆಲ ಎತ್ತರಿಸಬೇಕು, ಅದಕ್ಕೆ ಗಾಡಿಗಟ್ಟಲೆ ಮಣ್ಣು ಹೊರಬೇಕು. ಆ ಕೆಲಸವನ್ನು ನೆನೆದರೇ ಸೊಂಟ ನೋಯುತ್ತಿದ್ದುದರಿಂದ ಕೊನೆಗೆ ನೋಡಿಕೊಳ್ಳೋಣ ಅಂತ ಬಿಟ್ಟೆವು.

“ನೋಡೂಣ ತಗೋ,” ಅಂದರು ಇವರು. ಯಾವುದಕ್ಕೂ ಅವರದು ಅದೇ ಮಾತು. ಮದುವೆಯ ದಿನವೂ ಅದನ್ನೇ ಅಂದಿರಬೇಕು.

ಇನ್ನು ಮಾಳಿಗೆ. ಹೆಂಚಿನ ಮನೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಮಾಳಿಗೆ ಅಂದರೆ ಮಣ್ಣಿನ ಸೂರು. ಗೋಡೆಯಿಂದ ಗೋಡೆಗೆ ದಪ್ಪನೆಯ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ ಒತ್ತಾಗಿ ಹಾಸಿ, ಗೆದ್ದಲು ಹತ್ತದಂತೆ ಬೇವಿನ ಸೊಪ್ಪು ಹರಡಿ, ಮೇಲೆ ಕಲಸಿದ ಮಣ್ಣು ಬಡಿಯುತ್ತಾರೆ. ಎಲ್ಲದರ ಮೇಲೆ ಸವಳು ಮಣ್ಣು. ಹಳ್ಳದ ದಂಡೆಯಲ್ಲಿ ಬೇಸಿಗೆಗೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಉಬ್ಬುವ ಮಣ್ಣು ಅದು. ಹೊಲಕ್ಕೆ ಬಿದ್ದರೆ ಪೈರು ಏಳುವುದಿಲ್ಲ, ಮಾಳಿಗೆಗೆ ಬಿದ್ದರೆ ಮಳೆ ಇಳಿಯುವುದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮನೆಯ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಹೊಸದಾಗಿ ಒಂದು ಪದರ ಹಾಕುವುದು ಪದ್ಧತಿ.

ನಾವೂ ಅದನ್ನೇ ಮಾಡಿದೆವು. ಮಾಳಿಗೆ ಎಲ್ಲೆಲ್ಲಿ ಸೋರುತ್ತದೆಂಬುದು ಒಳಗಿನ ಗೋಡೆಯ ಕಲೆಗಳಲ್ಲೇ ಕಾಣುತ್ತಿತ್ತು. ಸೋರುವ ಮಾಳಿಗೆಗೆ ಮದ್ದು ಸವಳು, ಅದರಲ್ಲಿ ಯೋಚಿಸುವುದೇನಿದೆ? ಸ್ವಲ್ಪ ಹೆಚ್ಚೇ ಹಾಕಿದರೆ ಒಳ್ಳೆಯದು ಅಂತ ನಾನೇ ಅಂದೆ. ಹಳ್ಳದಿಂದ ಹೊತ್ತು, ಜರಡಿ ಹಿಡಿದು, ಏಣಿ ಹತ್ತಿ, ಸುರಿದು, ಹಲಗೆಯಿಂದ ಬಡಿದು ವಾರಕ್ಕೂ ಹೆಚ್ಚು ದುಡಿದೆವು. ಸವಳಿನ ಧೂಳಿಗೆ ಕಣ್ಣು ಉರಿದು ಉರಿದು ನೀರು ಬರುತ್ತಿತ್ತು, ತುಟಿ ಒಡೆದು ರೊಟ್ಟಿಯ ಖಾರ ತಗುಲಿದರೆ ಜೀವ ಹೋಗುತ್ತಿತ್ತು. ಮುಗಿದ ದಿನ ಮಧ್ಯಾಹ್ನ ಒಳಗೆ ಕೂತು ಪುಂಡಿಪಲ್ಯ ರೊಟ್ಟಿ ಉಣ್ಣುತ್ತಿದ್ದೆವು. ತಲೆಯ ಮೇಲೆ ‘ಟಕ್’ ಅಂತು. ನನ್ನ ತಾಟಿಗೆ ಮಣ್ಣು ಉದುರಿತು.

ನಡುವಿನ ತೊಲೆ ಬಿರಿದಿತ್ತು. ಬಿರುಕಿನಲ್ಲಿ ಕಿರುಬೆರಳು ಹೋಗುತ್ತಿತ್ತು.

ತಾಟು ಅಲ್ಲೇ ಬಿಟ್ಟು ಹೊರಗೆ ಓಡಿದೆವು. ಇವರು ಬೇವಿನ ಎರಡು ಕವಲು ಕಂಬ ತಂದು ತೊಲೆಯ ಕೆಳಗೆ ಕೊಟ್ಟು, ಬುಡಕ್ಕೆ ಕಲ್ಲು ಬಿಗಿದರು. ಆಮೇಲೆ ಊರಿನಿಂದ ಬಡಿಗನನ್ನು ಕರೆತಂದರು. ಅವನು ಒಳಗೆ ಬಂದು ತೊಲೆ ತಟ್ಟಿ ನೋಡಿದ, ಏಣಿ ಹತ್ತಿ ಮೇಲೆ ಹೋಗಿ ಗುದ್ದಲಿಯಿಂದ ಒಂದು ಕಡೆ ಕೆದಕಿದ, ಮತ್ತೂ ಕೆದಕಿದ. ಗುದ್ದಲಿ ಕಟ್ಟಿಗೆಗೆ ಮುಟ್ಟಲೇ ಇಲ್ಲ.

“ಇದೇನವ್ವ, ಮಾಳಿಗಿ ಮ್ಯಾಲ ಹೊಲಾ ಮಾಡೀರೇನು? ಮೊಳಕಾಲಮಟ ಮಣ್ಣ ಅದ. ವರ್ಷಾ ವರ್ಷಾ ಹಾಕ್ಕೋತ ಬಂದಾರ, ಒಬ್ಬರೂ ಹಳೀದು ತಗದಿಲ್ಲ.”

“ಮತ್ತೀಗ ಹ್ಯಾಂಗ?” ಅಂದೆ.

“ತೊಲಿ ಇನ್ನಾ ಸತ್ತಿಲ್ಲ. ಭಾರಾ ಇಳಸ್ರಿ, ಬಾಜೂಕ ಇನ್ನೊಂದ್ ತೊಲಿ ಕೂಡಸ್ರಿ. ಹಸೀ ಕಟಗಿ ನಡಿಯಾಂಗಿಲ್ಲ, ಒಣಗಿದ್ದೇ ಬೇಕು.”

ಒಣಗಿದ ತೊಲೆ ಎಲ್ಲಿಂದ ತರುವುದು? ಕಾಡಿನಿಂದ ಒಂದು ಟೊಂಗೆ ತಂದರೂ ಕಾಡು ಕಾಯುವ ಜಂಗಲಾತಿನ ಜವಾನ ಬೆನ್ನು ಹತ್ತುತ್ತಿದ್ದ. ಆದರೆ ಊರ ಮನೆಯ ಹಿತ್ತಲಲ್ಲಿ ಹಳೆಯ ದನದ ಕೊಟ್ಟಿಗೆಯ ಸಾಗವಾನಿ ತೊಲೆಯೊಂದು ಸುಮ್ಮನೆ ಬಿದ್ದಿತ್ತು. ಅದರ ಮೇಲೆ ನೆಗೆಣ್ಣಿ ಸಗಣಿ ಕುಳ್ಳು ಒಣಗಿಸುತ್ತಿದ್ದಳು. ಇವರು ಮಾವನನ್ನು ಕೇಳಲು ಹೋದರು. ತಿರುಗಿ ಬಂದಾಗ ಅವರ ನಡಿಗೆಯಲ್ಲೇ ಉತ್ತರ ಗೊತ್ತಾಯಿತು.

“ಏನಂದ್ರು?”

“ಪಾಲ ಮುಗದದ ಅಂದ್ರು. ನಿನ್ನ ಮಾಳಿಗಿ, ನಿನ್ನ ತೊಲಿ ಅಂದ್ರು.” ಅಲ್ಲೇ ಅಂಗಳದಲ್ಲಿ ಕೂತು, “ಮಣ್ಣಿಗಿ ಕೈ ಹಚ್ಚಬ್ಯಾಡ ಅಂದ್ರು,” ಅಂದರು.

ನಮ್ಮ ಮನೆತನದಲ್ಲಿ ಅದೊಂದು ನಂಬಿಕೆ. ಮಾಳಿಗೆಗೆ ಏರಿದ ಮಣ್ಣನ್ನು ಕೆಳಗಿಳಿಸಿ ಹೊರಗೆ ಚೆಲ್ಲಬಾರದು. ಹಾಗೆ ಚೆಲ್ಲುವುದು ವಂಶ ಮುಗಿದ ಮನೆಯನ್ನು ಕೆಡವುವಾಗ ಮಾತ್ರ. ಅದಕ್ಕೇ ತಲೆತಲಾಂತರದಿಂದ ಎಲ್ಲರೂ ಹಾಕಿದ್ದೇ ಹಾಕಿದ್ದು, ಒಬ್ಬರೂ ತೆಗೆದದ್ದಿಲ್ಲ. ಮಾವ ಮತ್ತು ಅತ್ತೆ ಸಂಸಾರ ಹೂಡಿದ್ದೂ ಈ ಹೊಲದ ಮನೆಯಲ್ಲೇ. ಊರ ಮನೆ ಕಟ್ಟಿದ್ದು ಆಮೇಲೆ. ಹಾಗಾಗಿ ಈ ಮಾಳಿಗೆಯ ವಿಷಯದಲ್ಲಿ ಮಾವನ ಮಾತು ಬರೀ ಪದ್ಧತಿಯ ಮಾತಾಗಿರಲಿಲ್ಲ.

ಅವತ್ತು ಸಂಜೆಯವರೆಗೆ ನಾವಿಬ್ಬರೂ ಅಂಗಳದಲ್ಲಿ ಕೂತೆವು. ಎಮ್ಮೆ ಹಿಂಡುವ ಹೊತ್ತಾದರೂ ಏಳಲು ಮನಸ್ಸಾಗಲಿಲ್ಲ. ಮಣ್ಣು ಇಳಿಸಿದರೆ ಮಾವ ಮುನಿಯುತ್ತಾರೆ, ಆ ತೊಲೆಯ ಆಸೆ ಅಲ್ಲಿಗೆ ಮುಗಿಯಿತು. ಇಳಿಸದಿದ್ದರೆ ಮೊದಲ ಮಳೆಗೆ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾಗಿ ಇಡೀ ಮಾಳಿಗೆ ನಮ್ಮ ಮೇಲೆ ಕೂರುತ್ತದೆ. ಮೂರನೆಯ ದಾರಿ ಹಾಸಿಗೆ ಸುತ್ತಿಕೊಳ್ಳುವುದು. ಇವರ ಮನಸ್ಸು ಆ ಮೂರನೆಯ ದಾರಿಯ ಕಡೆ ವಾಲುತ್ತಿದ್ದುದು ನನಗೆ ಕಾಣುತ್ತಿತ್ತು. ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಅಪ್ಪನ ಮಾತು ಮೀರಿ ಅವರಿಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸೀರೆ ಕಚ್ಚೆ ಹಾಕಿ, ಗುದ್ದಲಿ ಹಿಡಿದು ಏಣಿ ಹತ್ತಿದೆ.

“ಏ, ಏನ್ ಮಾಡಾಕತ್ತಿ?”

“ಮಣ್ಣ ಇಳಸಾಕತ್ತೀನಿ. ಮಾವಾರು ಕೇಳಿದ್ರ ನನ್ನ ಹೆಸರ ಹೇಳ್ರಿ. ನೀವು ಬ್ಯಾಡ ಅಂದಿದ್ರಿ ಅಂತಲೂ ಹೇಳ್ರಿ, ಬೇಕಂದ್ರ.”

ಅವರು ಕೆಳಗೆ ನಿಂತು ನನ್ನನ್ನು ನೋಡಿದರು. “ನೋಡೂಣ ತಗೋ” ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಗುದ್ದಲಿ ಹಿಡಿದು ಅವರೂ ಮೇಲೆ ಬಂದರು.

ಮೊದಲ ದಿನವೇ ತಪ್ಪು ಮಾಡಿದೆವು. ಬಿಸಿಲು ಬೆನ್ನಿಗಿರಲಿ ಅಂತ ಪಡುವಣ ಬದಿಯ ಮಣ್ಣನ್ನಷ್ಟೇ ಕೆದಕುತ್ತ ಹೋದೆವು. ಮಧ್ಯಾಹ್ನದ ಹೊತ್ತಿಗೆ ಆ ಬದಿಯ ಜಂತಿಗಳ ತುದಿ ಗೋಡೆಯಿಂದ ಮೇಲೆದ್ದವು. ಮೂಡಣದ ಮಣ್ಣು ಇನ್ನೊಂದು ತುದಿಯನ್ನು ಅದುಮಿದ್ದರಿಂದ ಈ ಕಡೆ ಹಗುರಾಗಿ ತಕ್ಕಡಿಯ ಹಾಗೆ ಎದ್ದಿತ್ತು. ಕೆಳಗೆ ಕವಲು ಕಂಬವೊಂದು ಓರೆಯಾಯಿತು. ಇವರು ನನ್ನ ತೋಳು ಹಿಡಿದು ಏಣಿಯ ಹತ್ತಿರ ಎಳೆದರು. ಎದ್ದ ಜಂತಿಗಳ ಮೇಲೆ ಮತ್ತೆ ಮಣ್ಣು ಹೇರಿ, ಕಂಬ ನೆಟ್ಟಗೆ ಮಾಡಿ, ಆಮೇಲೆ ಒಬ್ಬೊಬ್ಬರು ಒಂದೊಂದು ಬದಿ ನಿಂತು, ಈ ಕಡೆ ಒಂದು ಬುಟ್ಟಿ ಆ ಕಡೆ ಒಂದು ಬುಟ್ಟಿ ಅಂತ ಸಮ ಸಮ ತೆಗೆಯುತ್ತ ನಡುವಿಗೆ ಬಂದೆವು. ಕೆಲಸ ನಿಧಾನವಾಯಿತು. ಆದರೆ ಬದುಕಿದೆವು.

ಕೆದಕಿದಂತೆ ಮಣ್ಣಿನ ಪದರಗಳು ಕಾಣತೊಡಗಿದವು. ಒಂದು ಬೂದಿ ಬಣ್ಣ, ಒಂದು ಬಿಳುಪು, ನಡುನಡುವೆ ಮಳೆಗಾಲದಲ್ಲಿ ಹುಟ್ಟಿ ಸತ್ತ ಹುಲ್ಲಿನ ಕಪ್ಪು ಗೆರೆ. ಒಂದೊಂದು ಪದರವೂ ಒಂದೊಂದು ಬೇಸಿಗೆ. ಕೆಳಗಿನ ಪದರಗಳಲ್ಲಿ ಬಳೆಯ ಚೂರುಗಳು ಸಿಕ್ಕವು. ಹಸಿರು, ಅಲ್ಲೊಂದು ಇಲ್ಲೊಂದು ಕೆಂಪು. ಬುಟ್ಟಿ ಎತ್ತಿ ಸುರಿಯುವಾಗ ಅಂಚು ತಗುಲಿ ಬಳೆ ಒಡೆಯುವುದು ನನಗೂ ಗೊತ್ತಿತ್ತು. ನನ್ನ ಕೈಯಲ್ಲೂ ಅವತ್ತಿಗೆ ಎರಡೇ ಬಳೆ ಉಳಿದಿದ್ದವು. ನಾನು ನೋಡದ ಅತ್ತೆಯನ್ನು ಅವತ್ತು ನೋಡಿದ ಹಾಗಾಯಿತು. ಅವಳಿಗೂ ಸವಳಿಗೆ ಕಣ್ಣು ಉರಿದಿರಬೇಕು. ನಾನು ಅಳಲಿಲ್ಲ, ಅಳುವಷ್ಟು ನೀರು ಕಣ್ಣಲ್ಲಿ ಉಳಿದಿರಲಿಲ್ಲ.

ಮಣ್ಣನ್ನು ಏಣಿಯಿಂದ ಇಳಿಸುತ್ತಿದ್ದ ನನ್ನ ಮೊಣಕಾಲುಗಳು ಎರಡನೆಯ ದಿನವೇ ಕೈ ಕೊಟ್ಟವು. ಮಾಳಿಗೆಯ ನಡುವೆ ಬೆಳಕಿಗಾಗಿ ಬಿಟ್ಟ ಬೆಳಕಿಂಡಿ ಇತ್ತು. ಅದರ ಮೇಲಿನ ಮುಚ್ಚಳದ ಬಂಡೆ ಸರಿಸಿ, ಮಣ್ಣನ್ನು ಅಲ್ಲಿಂದಲೇ ಒಳಗೆ ಸುರಿಯತೊಡಗಿದೆವು. ಎಲ್ಲ ಮುಗಿದ ಮೇಲೆ ಹೊರಗೆ ಸಾಗಿಸಿದರಾಯಿತು ಅಂತ ಲೆಕ್ಕ. ಎಲ್ಲ ಮುಗಿದ ದಿನ ಏಣಿ ಇಳಿದು ಒಳಗೆ ಬಂದು ನೋಡಿದರೆ, ನಡುಮನೆಯಲ್ಲಿ ಎದೆಯುದ್ದದ ಗುಡ್ಡ.

ನಾವು ಆ ಗುಡ್ಡಕ್ಕೆ ಒರಗಿ ಕೂತೆವು. ಇದನ್ನು ಬುಟ್ಟಿ ಬುಟ್ಟಿ ಹೊತ್ತು ಹೊರಗೆ ಚೆಲ್ಲಬೇಕು. ಆಮೇಲೆ ನೆಲ ಎತ್ತರಿಸಲು ಹೊರಗಿನಿಂದ ಬುಟ್ಟಿ ಬುಟ್ಟಿ ಮಣ್ಣು ಒಳಗೆ ತರಬೇಕು. ಈ ಎರಡು ಕೆಲಸ ಒಟ್ಟಿಗೆ ತಲೆಗೆ ಬಂದದ್ದೇ ತಡ, ನನಗೆ ನಗು ಬಂತು. ಇವರು ಗಾಬರಿಯಾದರು, ಬಿಸಿಲಿಗೆ ತಲೆ ಕೆಟ್ಟಿತೇನೋ ಅಂತ.

“ಹೊರಗ್ಯಾಕ ಹೊರಬೇಕ್ರಿ? ಇಲ್ಲೇ ಹರವೂಣ. ನನಗಂತೂ ಇನ್ನೊಂದ್ ಬುಟ್ಟಿ ಎತ್ತಾಕ ಆಗಾಂಗಿಲ್ಲ.”

ಗುಡ್ಡವನ್ನು ಅಲ್ಲೇ ಮೂಲೆಮೂಲೆಗೆ ಎಳೆದೆವು. ಮೊದಲೆರಡು ದಿನ ಏಣಿಯ ಬುಡಕ್ಕೆ ಇಳಿಸಿದ್ದನ್ನು ಇವರೇ ಒಳಗೆ ತಂದು ಸುರಿದರು. ಚೂಪಾದ ಬಳೆ ಚೂರುಗಳನ್ನು ಆರಿಸಿ ಅಡಿಗೆ ಹಾಕಿದೆವು, ಕಾಲಿಗೆ ಚುಚ್ಚದಿರಲಿ ಅಂತ. ನೀರು ಚಿಮುಕಿಸಿ, ದಿಮ್ಮಿಯಿಂದ ಬಡಿದು, ಮೇಲೆ ಕೆಮ್ಮಣ್ಣು ಮೆತ್ತಿ ಸಗಣಿ ಸಾರಿಸಿದೆ. ನೆಲ ಅಂಗಳಕ್ಕಿಂತ ಎತ್ತರಕ್ಕೆ ಬಂತು, ಮಳೆನೀರಿನ ಭಯ ಹೋಯಿತು. ಬಾಗಿಲು ಮಾತ್ರ ಅಷ್ಟೇ ಗಿಡ್ಡವಾಯಿತು. ಅವತ್ತೇ ಇವರು ಎರಡು ಸಲ ಹಣೆ ಬಡಿಸಿಕೊಂಡರು.

ಸುದ್ದಿ ಊರಿಗೆ ಮುಟ್ಟದೆ ಇರುತ್ತದೆಯೇ? ನೆಲದ ಹಸಿ ಆರುವ ಮೊದಲೇ, ಒಂದು ಬೆಳಿಗ್ಗೆ ಮಾವ ಬಂದರು. ಎತ್ತರದ ಆಳು, ಊರ ಲೆಕ್ಕ ಬರೆಯುವ ಪಟವಾರಿಯ ಮುಂದೆಯೂ ಬೆನ್ನು ಬಗ್ಗಿಸದವರು. ಅಂಗಳದಲ್ಲಿ ನಿಂತು ಬೋಳಾದ ಮಾಳಿಗೆ ನೋಡಿದರು. ಸೂರಿಲ್ಲದ್ದು ಮನೆಯೇ ಅಲ್ಲ ಅನ್ನುವ ಹಾಗೆ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದರು. ಬಾಗಿಲಿಗೆ ರುಮಾಲು ತಗುಲಿ ಓರೆಯಾಯಿತು. ಇವರು ಎತ್ತಿಗೆ ನೀರು ಕುಡಿಸುತ್ತಿದ್ದವರು ಬಾವಿಯ ಹತ್ತಿರವೇ ನಿಂತುಬಿಟ್ಟರು. ನಾನು ಸೆರಗು ತಲೆಗೆಳೆದು ಗೋಡೆಗೆ ಆತು ನಿಂತೆ.

“ಯಾರ ಇಳಸಿದ್ದು?”

“ನಾನ್ರಿ. ಅವರು ಬ್ಯಾಡ ಅಂದಿದ್ರು.”

“ನಿಮ್ಮತ್ತಿ ತಲಿ ಮ್ಯಾಲ ಹೊತ್ತ ಮಣ್ಣದು.” ಮಾವನ ದನಿ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. “ಎಲ್ಲಿ ಚೆಲ್ಲೀದಿ? ಹಳ್ಳಕ್ಕ ಚೆಲ್ಲೀದ್ಯೋ, ತಿಪ್ಪಿಗಿ ಚೆಲ್ಲೀದ್ಯೋ?”

“ಎಲ್ಲೂ ಚೆಲ್ಲಿಲ್ರಿ, ಮಾವಾರ. ನೀವು ಅದರ ಮ್ಯಾಲೇ ನಿಂತೀರಿ.”

ಮಾವ ಕೆಳಗೆ ನೋಡಿದರು.

“ಎಲ್ಲಾ?”

“ಎಲ್ಲಾರಿ. ಒಂದ್ ಬುಟ್ಟೀನೂ ಹೊರಗ ಉಳದಿಲ್ಲ. ಅತ್ತಿಯವರ ಬಳಿ ಚೂರೂ ಅದರಾಗೇ ಅವ.”

ಅವರು ತಿರುಗಿ ಹೊರಗೆ ನಡೆದರು. ಮುಗಿಯಿತು, ಹೋದರು ಅಂದುಕೊಂಡೆ. ನನ್ನ ಕಣ್ಣ ಮುಂದೆ ನೆಗೆಣ್ಣಿಯ ಒಲೆ, ಅದರ ಮೇಲಿನ ನನ್ನ ಹಂಚು ಬಂದವು. ಆದರೆ ಮಾವ ಹೊಸ್ತಿಲಾಚೆ ನಿಂತು ಗೋಡೆ ಹಿಡಿದು ಒಂದು ಚಪ್ಪಲಿ ಬಿಟ್ಟರು. ಆಮೇಲೆ ಇನ್ನೊಂದು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ, ಬರಿಗಾಲಲ್ಲಿ ಮತ್ತೆ ಒಳಗೆ ಬಂದರು. ನಡುಮನೆಯಲ್ಲಿ ಕೂತು ಹಸಿ ನೆಲದ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಹಾಗೇ ಕೂತಿದ್ದರು. ಹೊರಗೆ ಇವರು ಬಾವಿಯಿಂದ ಬಾಗಿಲವರೆಗೆ ಬಂದು ನಿಂತಿದ್ದರು.

“ತೊಲಿ ಎಷ್ಟ ಉದ್ದ ಬೇಕಂತೋ?” ಅಂದರು ಮಾವ, ಮಗನ ಕಡೆ ನೋಡದೆ.

ಮರುದಿನ ಸಾಗವಾನಿ ತೊಲೆ ಗಾಡಿಯಲ್ಲಿ ಬಂತು, ಮೇಲೆ ಕುಳ್ಳಿನ ಗುರುತು ಹಾಗೇ ಇತ್ತು. ಭಾವನೂ ಬಂದರು. ಗೋಡೆಯಲ್ಲಿ ಗೂಡು ಕೊರೆದು, ಹಗ್ಗ ಹಾಕಿ ಎತ್ತಿ, ಬಿರಿದ ತೊಲೆಯ ಮಗ್ಗುಲಿಗೇ ಕೂರಿಸಿದರು. ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಕಲಸಿದ ಮಣ್ಣು, ಮೇಲೆ ಗೇಣಿಗೂ ಕಡಿಮೆ ಸವಳು. ನೀರು ಹರಿದುಹೋಗುವ ದೋಣಿಯ ಕಡೆ ಇಳಿಜಾರು ಸರಿಯಾಗಿದೆಯೇ ಅಂತ ಮಾವ ತಾವೇ ಒಂದು ಕೊಡ ಸುರಿದು ನೋಡಿದರು. “ಹೋದ ವರ್ಷದ್ದು ತಗದು, ಆಮ್ಯಾಲ ಹೊಸದು ಹಾಕಬೇಕು. ತಗದದ್ದು ಒಳಗೇ ಇರಬೇಕು,” ಅಂದರು, ಅದು ತಮ್ಮ ಅಜ್ಜನ ಕಾಲದಿಂದಲೂ ನಡೆದುಬಂದ ಪದ್ಧತಿ ಎನ್ನುವ ಹಾಗೆ.

ನಾನು ಭಕ್ತಿಯಿಂದ ಹಾಗೆ ಮಾಡಿದೆ ಅಂತ ಮಾವ ಸಾಯುವವರೆಗೂ ಊರಲ್ಲಿ ಹೇಳಿಕೊಂಡರು. ಇನ್ನೊಂದು ಬುಟ್ಟಿ ಎತ್ತಲು ಕೈಲಾಗದೆ ಮಾಡಿದ್ದು ಅಂತ ನಾನೂ ಹೇಳಲಿಲ್ಲ, ಇವರೂ ಹೇಳಲಿಲ್ಲ. ಅತ್ತೆಗೆ ಗೊತ್ತಾಗಿದ್ದರೂ ಬೇಜಾರಾಗುತ್ತಿರಲಿಲ್ಲ ಅಂತ ನನಗೆ ಧೈರ್ಯವಿದೆ. ಅವಳೂ ಹೊತ್ತವಳೇ.

ಮಿರಗದ ಮಳೆ ಒಂದು ಮಧ್ಯಾಹ್ನ ಬಂತು. ಮೋಡ ಕಂಡ ಕೂಡಲೇ ನಾನು ಹಳೆಯ ಕಲೆಗಳ ಕೆಳಗೆಲ್ಲ ಕೊಡ, ತಪ್ಪಲೆ, ಬೋಗುಣಿ ಇಟ್ಟು ನಡುವೆ ಕೂತೆ. ಮಾಳಿಗೆಯ ಮೇಲೆ ಮಳೆ ದಪದಪ ಬಡಿಯಿತು. ದೋಣಿಯಿಂದ ನೀರು ಅಂಗಳಕ್ಕೆ ಧುಮುಕುವ ಸದ್ದು ಕೇಳಿಸಿತು. ಒಂದೊಂದೇ ಪಾತ್ರೆಯೊಳಗೆ ಕೈ ಹಾಕಿ ತಡವಿದೆ. ಎಲ್ಲ ಒಣಗಿದ್ದವು. ಇವರು ಎತ್ತು ಕಟ್ಟಿ, ನೆನೆದು ಓಡಿ ಬಂದವರು ಬಾಗಿಲಿಗೆ ಹಣೆ ಬಡಿಸಿಕೊಂಡು, “ಸೋರತದೇನು?” ಅಂದರು.

ಇಲ್ಲ ಅನ್ನಬೇಕೆಂದುಕೊಂಡೆ. ಆದರೆ ಅಷ್ಟರಲ್ಲಿ ನನಗೆ, ಹಾಡಹಗಲೇ, ಆ ಖಾಲಿ ಪಾತ್ರೆಗಳ ನಡುವೆ ನೆಲಕ್ಕೆ ಕೆನ್ನೆಯಿಟ್ಟಲ್ಲೇ ನಿದ್ದೆ ಹತ್ತಿಬಿಟ್ಟಿತ್ತಂತೆ.